ಭರಮವ್ವನ ತವರಿನ ಬಾಧೆ

ವಡಗಾವಿಯಲ್ಲಿ ನಮ್ಮ ಗೋಡೆಗೆ ಗೋಡೆ ಹತ್ತಿದ್ದು ಉಳವಪ್ಪನ ಮನೆ. ಮುಂದಿನ ಪಡಸಾಲೆಯಲ್ಲಿ ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ನೇಯುವ ಮೂರು ಕುಣಿಮಗ್ಗ, ಮೂವರು ಗಂಡಸರು: ಉಳವಪ್ಪ, ಅವನ ಹಿರಿಯ ಮಗ ಲಕ್ಷ್ಮಪ್ಪ, ಇನ್ನೂ ಮದುವೆಯಾಗದ ಕಿರಿಯ ಮಗ. ಮೂವರೂ ಬೀಡಿ ಸೇದುವವರು. ಆದರೆ ಮಗ್ಗದ ಹತ್ತಿರ ಬೆಂಕಿ ತರುವಂತಿರಲಿಲ್ಲ. ಹಾಸುನೂಲಿನ ಮೇಲೆ ಒಂದು ಕಿಡಿ ಬಿದ್ದರೆ ಅರ್ಧ ನೇಯ್ದ ಸೀರೆ ಹೋಯಿತೆಂದೇ ಲೆಕ್ಕ. ಆದ್ದರಿಂದ ಬೀಡಿ ಬೇಕಾದವನು ಕುಣಿಯಿಂದ ಮೇಲೆದ್ದು, ನಡುಮನೆ ದಾಟಿ, ಹಿತ್ತಲಿಗೆ ಬರಬೇಕಿತ್ತು. ಹಾಗೆ ಬಂದು, ಕಡ್ಡಿ ಗೀರಿ, ಗಾಳಿಗೆ ಅದು ಆರಿ, ಇನ್ನೊಂದು ಗೀರಿ ಕೂತರೆ ಹೊತ್ತು ಹಾಳು. ಅದಕ್ಕೇ ಕುಣಿಯಲ್ಲಿದ್ದಾಗಲೇ ಕೂಗುತ್ತಿದ್ದರು.

"ಏ ಭರಮೀ, ಬೀಡಿ!"

ಒಳಗೆ ಸೊಸೆ ಒಲೆಯ ಕೊಳ್ಳಿಗೆ ಬೀಡಿ ಹಿಡಿದು ಹಚ್ಚಬೇಕು. ಬೀಡಿ ಎಳೆಯದೆ ಬಿಟ್ಟರೆ ಆರಿಹೋಗುತ್ತದೆ. ಗಂಡಸು ಕಾಲು ಕೊಡವಿಕೊಂಡು ಹಿತ್ತಲಿಗೆ ಬರುವವರೆಗೆ ಅದು ಆರದಂತೆ ಅವಳೇ ಎರಡು ಮೂರು ದಮ್ಮು ಎಳೆಯುತ್ತ ನಿಲ್ಲಬೇಕು. ಬಂದವನು ಅವಳ ತುಟಿಯ ತೇವ ಇನ್ನೂ ಆರದ ಬೀಡಿಯನ್ನು ಇಸಿದುಕೊಂಡು ಸೇದಿ, ತುಳಸಿಕಟ್ಟೆಯ ಬುಡಕ್ಕೆ ಕಫ ಉಗುಳಿ, ಮತ್ತೆ ಕುಣಿಗೆ ಇಳಿಯುತ್ತಿದ್ದ. ದಿನಕ್ಕೆ ಮೂವತ್ತು ಸಲ. ಆ ಕಫವನ್ನು ಬೂದಿ ಹಾಕಿ ಬಳಿಯುವವಳೂ ಅವಳೇ. ಬೆಳಿಗ್ಗೆ ನಾನು ಪೂಜೆಗೆ ಹೂ ಕೊಯ್ಯಲು ಹಿತ್ತಲಿಗೆ ಹೋದರೆ ಗೋಡೆಯಾಚೆಯ ಆ ವಾಸನೆ ಹೂವಿಗೂ ಹತ್ತಿದಂತಾಗುತ್ತಿತ್ತು. ಎಷ್ಟೋ ದಿನ ಕೊಯ್ದ ಹೂವನ್ನು ದೇವರಿಗೆ ಏರಿಸಲು ಮನಸ್ಸಾಗದೆ ಹಾಗೇ ಬಿಟ್ಟಿದ್ದೇನೆ.

ಭರಮವ್ವ ಲಕ್ಷ್ಮಪ್ಪನ ಹೆಂಡತಿಯಾಗಿ ಆ ಮನೆಗೆ ಬಂದದ್ದು ಸಾವಿರದ ಒಂಬೈನೂರ ಅರವತ್ತೊಂಬತ್ತರಲ್ಲಿ. ಹದಿನಾರು ತುಂಬಿತ್ತು. ತವರು ಖಾನಾಪುರದಾಚೆ ಗುಂಜಿ. ತಂದೆ ಇರಲಿಲ್ಲ. ಅಣ್ಣ ಗುರುಪುತ್ರಪ್ಪ ರೈಲ್ವೆ ಗ್ಯಾಂಗಿನಲ್ಲಿ ಕೆಲಸಕ್ಕಿದ್ದ. ದಿನವೂ ಲಿಂಗಪೂಜೆ ಮಾಡದೆ ಬಾಯಿಗೆ ನೀರು ಹಾಕದವನು. ಆ ಮನೆಯಲ್ಲಿ ಎಲೆ ಅಡಿಕೆಗೂ ತಂಬಾಕು ಸೇರುತ್ತಿರಲಿಲ್ಲ. ಹಾಗಾಗಿ ಅತ್ತೆ ನಿಂಗವ್ವ ಮೊದಲ ದಿನ ಬೀಡಿ ಕೈಗೆ ಕೊಟ್ಟಾಗ ಹುಡುಗಿ ಒಂದು ದಮ್ಮಿಗೇ ಒಲೆಯ ಬೂದಿಯಲ್ಲಿ ವಾಂತಿ ಮಾಡಿಕೊಂಡಳು. ನಿಂಗವ್ವ ನಕ್ಕದ್ದು ನಮ್ಮ ಮನೆಗೆ ಕೇಳಿಸಿತು.

"ನುಂಗಬ್ಯಾಡ ಹುಚ್ಚೀ, ಬರೇ ಎಳಿ. ನಾ ಮೂವತ್ತ ವರ್ಷ ಹಚ್ಚಿಕೊಟ್ಟೀನಿ, ಸತ್ತೀನೇನ?"

ಸತ್ತಿರಲಿಲ್ಲ. ಸೊಸೆ ಬಂದ ಮೇಲೆ ಬೀಡಿ ಬಿಟ್ಟು ನಶ್ಯ ಹಿಡಿದಿದ್ದಳು, ಅಷ್ಟೆ. ಅವಳ ಸೆರಗಿನ ತುದಿ ಯಾವಾಗಲೂ ಕಂದು ಬಣ್ಣದ್ದಾಗಿರುತ್ತಿತ್ತು. ಅದೇ ಸೆರಗಿನಿಂದ ಮೊಮ್ಮಕ್ಕಳ ಮೂಗು ಒರೆಸುವುದನ್ನು ಕಂಡು ನಾನು ಮುಖ ತಿರುಗಿಸುತ್ತಿದ್ದೆ.

ಎರಡನೆಯ ಹೆರಿಗೆಯ ಮೇಲೆ ಭರಮವ್ವನಿಗೆ ಟೊಂಕ ನೋವು ಹತ್ತಿತು. ಮೂರು ಮಗ್ಗದ ಲಾಳಿಗೂ ಕಂಡಿಕೆಗೆ ನೂಲು ಸುತ್ತುವವಳು ಅವಳೊಬ್ಬಳೇ. ರಾಟೆಯ ಮುಂದೆ ಬಗ್ಗಿ ಕೂತರೆ ಮಧ್ಯಾಹ್ನದವರೆಗೆ ಏಳುವಂತಿಲ್ಲ, ಬೀಡಿ ಹಚ್ಚಲು ಎದ್ದರೆ ಮಾತ್ರ ಉಂಟು. ಎದ್ದು, ಬೆನ್ನು ನೆಟ್ಟಗೆ ಮಾಡಿ, ಒಲೆಯ ಹತ್ತಿರ ನಿಂತು ದಮ್ಮು ಎಳೆದಾಗ ನೋವು ಸ್ವಲ್ಪ ಇಳಿದಂತೆ ಆಗುತ್ತಿತ್ತಂತೆ. ಬೆನ್ನು ನೆಟ್ಟಗಾದುದರಿಂದ ಇಳಿಯಿತೆಂದು ಅವಳಿಗೆ ಯಾರೂ ಹೇಳಲಿಲ್ಲ. ನಿಂಗವ್ವ ಹೇಳಿದ್ದು ಬೇರೆ.

"ಗಂಡಸರಿಗೂ ಟೊಂಕ ನೋಯ್ತಾವ. ಅವರೂ ಅದಕ್ಕs ಸೇದತಾರ. ನೀನೂ ಹಚ್ಚೂ ಮುಂದ ಒಂದ ದಮ್ಮ ಜಾಸ್ತಿ ಎಳಕೊ. ಯಾರ ನೋಡತಾರ?"

ಆ ಮನೆಯಲ್ಲಿ ಬೀಡಿ ಹೀಗೆ ಔಷಧವಾಯಿತು. ಆದರೂ ಭರಮವ್ವ ಬೀಡಿ ಸೇದುತ್ತಾಳೆಂದು ಯಾರೂ ಅನ್ನುತ್ತಿರಲಿಲ್ಲ. ಅವಳು ಹಚ್ಚಿಕೊಡುತ್ತಾಳೆ. ಸೇದುವವರು ಗಂಡಸರು.

ಎಪ್ಪತ್ತಮೂರರ ಪಂಚಮಿಗೆ ಗುರುಪುತ್ರಪ್ಪ ತಂಗಿಯನ್ನು ಕರೆದೊಯ್ದ. ಗುಂಜಿಯ ಅವರ ಮನೆ ಊರ ಕೊನೆಗೆ, ಅಡವಿಯ ಅಂಚಿಗೆ. ಮೊದಲ ದಿನ ಜೋಕಾಲಿ ಆಡಿದಳು, ಉಂಡೆ ತಿಂದಳು. ಸಂಜೆಗೆ ತಾಯಿ ಶಿವಲಿಂಗವ್ವನ ಮೇಲೆ ಸಿಟ್ಟು ಮಾಡಿಕೊಂಡಳು. ಮರುದಿನ ಕೈ ನಡುಗತೊಡಗಿತು. ಎದೆ ಹೊಡೆದುಕೊಂಡಿತು, ಮೈ ಬೆವರಿತು. ಯಾರೋ ಹಿಂದೆ ಬಂದು ನಿಂತಿದ್ದಾರೆಂಬಂತೆ ಮತ್ತೆ ಮತ್ತೆ ತಿರುಗಿ ನೋಡಿದಳು. ಟೊಂಕದ ನೋವು ಎಷ್ಟೆಂದರೆ ಮಲಗಿದರೆ ಏಳಲಾಗದು, ಎದ್ದರೆ ಕೂಡಲಾಗದು. ನಾಲ್ಕನೆಯ ದಿನ ಹೆದರಿದ ಅಣ್ಣ ರೈಲು ಹತ್ತಿಸಿಕೊಂಡು ಬಂದು ವಡಗಾವಿಯಲ್ಲಿ ಬಿಟ್ಟ. ಸಂಜೆಯಷ್ಟರಲ್ಲಿ ಅವಳು ಎದ್ದು ರೊಟ್ಟಿ ಬಡಿಯುತ್ತಿದ್ದಳು.

ಮರುವರ್ಷವೂ ಅದೇ ಆಯಿತು. ತವರಿಗೆ ಹೋದ ಎರಡನೆಯ ದಿನ ಹಿಡಿಯುವುದು, ಗಂಡನ ಮನೆಗೆ ಬಂದರೆ ಅರ್ಧ ದಿನದಲ್ಲಿ ಬಿಡುವುದು. ಇದನ್ನು ಕಣ್ಣಾರೆ ನೋಡಿದ ಎರಡೂ ಮನೆಯವರಿಗೆ ಒಂದೇ ಅರ್ಥ ಹೊಳೆಯಿತು. ಗುಂಜಿಯ ಆ ಅಡವಿ ಅಂಚಿನ ಮನೆಯಲ್ಲಿ ಏನೋ ಬಾಧೆ ಇದೆ, ಅದು ಮಗಳನ್ನು ಹಿಡಿಯುತ್ತದೆ. ಗಂಡನ ಮನೆಯ ದೇವರು ಗಟ್ಟಿ, ಅದಕ್ಕೇ ಇಲ್ಲಿ ಬಿಡುತ್ತದೆ. ನಿಂಗವ್ವ ಇದನ್ನು ಓಣಿಯಲ್ಲೆಲ್ಲ ಹೆಮ್ಮೆಯಿಂದ ಹೇಳಿದಳು. ನಾನೂ ಕೇಳಿ ತಲೆದೂಗಿದೆ. ಆ ತಲೆದೂಗಿದ್ದು ನೆನಪಾದರೆ ಈಗ ನನ್ನ ಮೇಲೇ ಅಸಹ್ಯ.

ಮೂರನೆಯ ಸಲ ಹಿಡಿದಾಗ ಗುರುಪುತ್ರಪ್ಪ ತಂಗಿಯನ್ನು ಖಾನಾಪುರದಲ್ಲಿ ಬಾಧೆ ಬಿಡಿಸುವ ಒಬ್ಬ ಮುದುಕನ ಹತ್ತಿರ ಒಯ್ದ. ಆ ಮುದುಕ ಕುಡುಗೋಲಿನ ತುದಿ ಕಾಯಿಸಿ ಅವಳ ಟೊಂಕದ ಮೇಲೆ ಮೂರು ಬರೆ ಎಳೆದ. ಕುಡುಗೋಲು ಕಾಯುವವರೆಗೆ ಕೂತು ಚಿಲುಮೆ ಸೇದುತ್ತಿದ್ದನಂತೆ. ಆ ಹೊಗೆ ಮೂಗಿಗೆ ಹೋದದ್ದೇ ತನಗೆ ಜೀವ ತುಸು ನೆಟ್ಟಗಾಯಿತು ಎಂದು ಭರಮವ್ವ ನನಗೆ ಹೇಳಿದಳು. "ಗಾಳಿ ಹೊಂಟತು ನೋಡ" ಎಂದು ಮುದುಕ ಅಣ್ಣನ ಕಡೆ ನೋಡಿ ಮೀಸೆ ತಿರುವಿದನಂತೆ.

ಆ ಬರೆಗಳಿಗೆ ಬೆಣ್ಣೆ ಹಚ್ಚಿದವಳು ನಾನು. ಹುಣ್ಣು ಕೀವು ತುಂಬಿ ಸೀರೆಗೆ ಅಂಟಿಕೊಳ್ಳುತ್ತಿತ್ತು. ಬಿಡಿಸುವಾಗ ಅವಳು ಹಲ್ಲು ಕಚ್ಚುತ್ತಿದ್ದಳು, ಹೊರಗಿನಿಂದ ಲಕ್ಷ್ಮಪ್ಪ "ಬೀಡಿ!" ಎನ್ನುತ್ತಿದ್ದ. ಅವಳು ಹಾಗೇ ಎದ್ದು ಹೋಗುತ್ತಿದ್ದಳು. ಕೈಯಲ್ಲಿ ಬೆಣ್ಣೆ ಹಿಡಿದು ನಾನು ಕಾಯುತ್ತ ಕೂಡುತ್ತಿದ್ದೆ.

ಆಮೇಲೆ ತವರಿನ ದಾರಿ ಬಂದ್ ಆಯಿತು. ಎಪ್ಪತ್ತಾರರಿಂದ ಪಂಚಮಿಗೆ ಅಣ್ಣ ಬರಲಿಲ್ಲ, ಇವರು ಕಳಿಸಲಿಲ್ಲ. ಶಿವಲಿಂಗವ್ವ ಒಂದು ಸಲ ತಾನೇ ರೈಲು ಹತ್ತಿ ಬಂದಿದ್ದಳು. ಮಗಳನ್ನು ಮುಟ್ಟಲೂ ಹಿಂಜರಿದು ಪಡಸಾಲೆಯ ತುದಿಗೆ ಕೂತಿದ್ದಳು.

"ನನ್ನ ಮೈಮ್ಯಾಲ ಬಂದೀತ ಏನೋ ಯವ್ವಾ. ನಮ್ಮ ಮನ್ಯಾಗ ಏನ ಐತಿ ಅಂತ ನನಗs ಗೊತ್ತಿಲ್ಲ. ಇಷ್ಟ ವರ್ಷ ಅದರಾಗs ಬಾಳೇ ಮಾಡೀನಿ."

ಚಹಾ ಕುಡಿಯದೆ ಹೋದಳು.

ಎಪ್ಪತ್ತೊಂಬತ್ತರ ಒಂದು ಅಮಾವಾಸ್ಯೆ. ಆ ದಿನ ಮಗ್ಗ ನಿಲ್ಲುತ್ತವೆ. ಗಂಡಸರು ಮೂವರೂ ಕಾಕತಿಯ ಬೀಗರ ಮನೆಗೆ ಹೋಗಿದ್ದರು, ನಿಂಗವ್ವ ಮಠಕ್ಕೆ. ಮಧ್ಯಾಹ್ನ ನಾನು ಹಿತ್ತಲಿಗೆ ಹೋದಾಗ ಗೋಡೆಯಾಚೆ ಬೀಡಿಯ ಹೊಗೆ ಏಳುತ್ತಿತ್ತು. ಕೂಗುವವರು ಯಾರೂ ಮನೆಯಲ್ಲಿಲ್ಲ. ಗೋಡೆಯ ಮೇಲಿಂದ ಇಣುಕಿದೆ. ಭರಮವ್ವ ಬಚ್ಚಲ ಕಲ್ಲಿನ ಮೇಲೆ ಮೊಣಕಾಲು ಮಡಚಿ ಕೂತು, ಕಣ್ಣು ಮುಚ್ಚಿ ಸೇದುತ್ತಿದ್ದಳು. ಬೀಡಿ ಕೊನೆಗೆ ಬಂದಿತ್ತು. ಬೆರಳು ಸುಟ್ಟರೂ ಬಿಡಲಿಲ್ಲ.

ಖರೆ ಹೇಳಬೇಕೆಂದರೆ ನನಗೆ ಅವಳ ಮೇಲೇ ಹೇಸಿಗೆಯಾಯಿತು. ಕಣ್ಣು ತೆರೆದು ನನ್ನನ್ನು ಕಂಡಳು.

"ಕಾಶಕ್ಕಾ," ಎಂದಳು. "ಯಾರಿಗೂ ಹೇಳಬ್ಯಾಡ. ಇದಿಲ್ಲಂದ್ರ ಟೊಂಕ ಹರದ ಹೋಗತೈತಿ. ಜೀವ ಗಾಬರಿ ಆಗತೈತಿ."

"ಎಷ್ಟ ದಿನದಿಂದ?"

"ದಿನ ಎಲ್ಲಿದು ಅಕ್ಕಾ? ಹಚ್ಚಿಕೋತ ಹಚ್ಚಿಕೋತ ಆತು."

ಹೇಳುವುದಿಲ್ಲ ಎಂದೆ. ಹೇಳಲಿಲ್ಲ. ಅವಳ ಗಾಬರಿಗೂ ಗುಂಜಿಯ ಬಾಧೆಗೂ ಸಂಬಂಧವಿರಬಹುದೆಂದು ನನಗೂ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಎಂಬತ್ತೊಂದರ ಶ್ರಾವಣ ಮುಗಿಯುವ ಹೊತ್ತಿಗೆ ರೈಲ್ವೆ ಗ್ಯಾಂಗಿನವನೊಬ್ಬ ಗುಂಜಿಯಿಂದ ಸುದ್ದಿ ತಂದ. ಶಿವಲಿಂಗವ್ವನ ಕಾಲು ಬಾತಿವೆ, ಹೊಟ್ಟೆಗೂ ನೀರು ಬಂದಿದೆ, ಬಹಳ ದಿನ ತೆಗೆಯುವುದಿಲ್ಲ. ಮಗಳನ್ನು ನೋಡಬೇಕೆನ್ನುತ್ತಾಳೆ. ಭರಮವ್ವ ಅತ್ತೆಯ ಕಾಲು ಹಿಡಿದಳು.

"ನಾ ಏನ ಬ್ಯಾಡಂತೀನೇನ?" ಎಂದಳು ನಿಂಗವ್ವ. "ಹ್ವಾದ್ರ ಹಿಡೀತೈತಿ. ಸಾಯೂ ಹೆಣಮಗಳ ಮುಂದ ನೀ ನಡಗಿಕೋತ ಒದರಿಕೋತ ಕುಂತ್ರ ಆಕಿ ನೆಟ್ಟಗ ಸಾಯತಾಳೇನ?"

ಲಕ್ಷ್ಮಪ್ಪ ಕುಣಿಯಿಂದಲೇ ಹೇಳಿದ. "ಹೋಗು. ಆದರ ಈ ಸಲ ಹಿಡಕೊಂಡ್ರ ಅಲ್ಲೇ ಇರು. ಮತ್ತ ಮತ್ತ ತರಾಕ ನಾ ಏನ ಟಾಂಗಾದವಾ?"

ಅವಳು ಎಂಟು ದಿನ ಹಾಗೂ ಹೀಗೂ ತೂಗಿದಳು. ಹೋದರೆ ಬಾಧೆ, ಹೋಗದಿದ್ದರೆ ತಾಯಿ ಸಾಯುತ್ತಾಳೆ. ಅವಳ ಬಾಯಲ್ಲಿ ಬೇರೆ ಮಾತಿರಲಿಲ್ಲ.

ಆ ಎಂಟು ದಿನದಲ್ಲೇ ದೊಡ್ಡ ಆಸ್ಪತ್ರೆಯಿಂದ ನರ್ಸ್ ಕಾಂತಾ ಬಂದಳು. ಅಲ್ಲಿಯ ಡಾಕ್ಟರೊಬ್ಬರು ನೇಕಾರರ ಟೊಂಕ ನೋವಿನ ಬಗ್ಗೆ ಏನೋ ಸಂಶೋಧನೆ ನಡೆಸಿದ್ದರು. ಆರು ತಿಂಗಳು ಮೀರಿ ನೋವು ಇದ್ದವರನ್ನು ಮನೆಮನೆಗೆ ಹೋಗಿ ಕೇಳಿ, ಅಚ್ಚು ಹಾಕಿದ ಹಾಳೆಯಲ್ಲಿ ಬರೆದುಕೊಳ್ಳುವುದು. ನೋವು ಎಲ್ಲಿ, ಎಷ್ಟು ದಿನ. ನಿದ್ದೆ ಬರುತ್ತದೋ, ಅಂಜಿಕೆ ಇದೆಯೋ. ಬೀಡಿ ತಂಬಾಕು ಎಷ್ಟು. ಈ ಮೂರೂ ಒಂದಕ್ಕೊಂದು ಹೆಣೆದುಕೊಂಡಿವೆಯೋ ಎಂದು ಅವರು ನೋಡುತ್ತಿದ್ದರಂತೆ. ಆ ಓಣಿಯಲ್ಲಿ ಓದು ಬರಹ ಬಲ್ಲ ಹೆಂಗಸು ನಾನೆಂದು ಯಾರೋ ಹೇಳಿ, ಕಾಂತಾ ನನ್ನನ್ನೂ ಜೊತೆಗೆ ಕರೆದಳು.

ಉಳವಪ್ಪನ ಪಡಸಾಲೆಯಲ್ಲಿ ಕೂತೆವು. ಮೊದಲು ಲಕ್ಷ್ಮಪ್ಪನ ಪಾಳಿ.

"ದಿನಕ್ಕ ಎಷ್ಟ ಬೀಡಿ ಸೇದತೀರಿ?"

"ನಾಕs ನಾಕ ನೋಡ್ರಿ ಬಾಯಾರ."

ನಿಂಗವ್ವ ಮೂಗಿಗೇರಿಸಿದ ನಶ್ಯ ಚೆಲ್ಲುವಂತೆ ನಕ್ಕಳು. "ನಾಕ ಹೊತ್ತ ಮೂಡೂ ಮೊದಲs ಮುಗೀತಾವ! ಹನ್ನೆರಡ ಬರಕೋರಿ."

"ಅರ್ಧಾ ಸೇದಿ ಕಿವಿಗಿ ಸಿಗಿಸಿದ್ದ ಎಣಸಾಕ ಬರತೈತೇನ?" ಎಂದ ಅವನು. ಹೆಂಡತಿ ಎಳೆದು ಮುಗಿಸಿದ ಕಾಲು ಭಾಗವನ್ನು ಅವನು ಎಣಿಸಿರಲಿಕ್ಕಿಲ್ಲ.

ಕಾಂತಾ ಹಾಳೆ ತಿರುವಿದಳು. ಎರಡನೆಯ ಪುಟದ ಪ್ರಶ್ನೆಗಳನ್ನು ಒಂದೊಂದಾಗಿ ಓದಿದಳು. "ಒಂದೆರಡ ದಿನ ಬೀಡಿ ಸಿಗಲಿಲ್ಲಂದ್ರ ಕೈ ನಡಗತಾವೇನ? ಎದಿ ಹೊಡಕೋತೈತೇನ? ಬೆವರ ಬರತೈತೇನ? ಸುಮ್ಮಸುಮ್ಮನ ಅಂಜಿಕಿ ಬರತೈತೇನ? ನಿದ್ದಿ ಹೋಗತೈತೇನ? ಮನ್ಯಾಗಿನವರ ಮ್ಯಾಲ ಸಿಟ್ಟ ಬರತೈತೇನ? ಟೊಂಕ ಜಾಸ್ತಿ ನೋಯತೈತೇನ? ಬೀಡಿ ಸೇದಿದ ಕೂಡ್ಲೆ ಇದೆಲ್ಲಾ ಇಳೀತೈತೇನ?"

"ಸಿಗದs ಇರಾಕ ಏನಾಗೇತಿ?" ಎಂದು ಲಕ್ಷ್ಮಪ್ಪ ನಕ್ಕ. "ನಮಗ ಒಂದ ದಿನಾನೂ ತಪ್ಪಿಲ್ಲ. ಒಲಿ ಮುಂದ ಆಕಿ ಅದಾಳ."

ನಾನು ಒಳಬಾಗಿಲ ಕಡೆ ನೋಡಿದೆ. ಭರಮವ್ವ ರಾಟೆ ನಿಲ್ಲಿಸಿದ್ದಳು. ಕೈಯಲ್ಲಿದ್ದ ಕಂಡಿಕೆ ಜಾರಿ ನೂಲು ಬಿಚ್ಚಿಕೊಳ್ಳುತ್ತ ಹೊಸ್ತಿಲವರೆಗೆ ಉರುಳಿತು. ಅವಳು ಅದನ್ನು ಹಿಡಿಯಲಿಲ್ಲ. ಗುಂಜಿಯಲ್ಲಿ ತನ್ನನ್ನು ಹಿಡಿದದ್ದನ್ನು ಒಂದೂ ಬಿಡದೆ, ಪಾಳಿ ತಪ್ಪದೆ, ಈ ಹೊರಗಿನ ಹೆಂಗಸು ಹಾಳೆ ನೋಡಿ ಓದುತ್ತಿದ್ದಳು. ಅದು ನನಗೂ ಆಗಲೇ ತಿಳಿಯಿತು.

"ನೀವ ಬರ್ರಿ ಅಕ್ಕಾ," ಎಂದು ಕಾಂತಾ ಅವಳನ್ನು ಕರೆದಳು. ನೋವಿನ ಪ್ರಶ್ನೆ ಕೇಳಿದಳು. ಅಂಜಿಕೆಯ ಪ್ರಶ್ನೆ ಕೇಳಿದಳು. ಬೀಡಿಯ ಪುಟ ಬಂದಾಗ ಏನೂ ಕೇಳದೆ, ಮೇಲಿನ ಮೂಲೆಯಿಂದ ಕೆಳಗಿನ ಮೂಲೆಗೆ ಅಡ್ಡಗೆರೆ ಎಳೆದಳು. ಎಷ್ಟು ಹೆಂಗಸರ ಹಾಳೆಗೆ ಎಳೆದಿದ್ದಳೋ, ಕೈ ತಾನೇ ಓಡಿತು.

"ಅದರಾಗ ಏನಿತ್ತರಿ ಬಾಯಾರ?" ಎಂದು ಭರಮವ್ವ ಕೇಳಿದಳು.

"ಅದ ಗಂಡಸರದ ಐತಿ ಬಿಡ್ರಿ."

"ಅವರನ್ನ ಕೇಳಿದ್ದ ನನ್ನೂ ಕೇಳ್ರಿ."

ನಿಂಗವ್ವ ನಶ್ಯದ ಡಬ್ಬಿ ಮುಚ್ಚಿದಳು. "ಏ, ಏನ ಮಾತಾಡತೀ?"

"ಕೇಳ್ರಿ ಬಾಯಾರ. ನನಗ ನಡಗತಾವ. ಎದಿ ಹೊಡಕೋತೈತಿ. ತವರಮನಿಗಿ ಹ್ವಾದ ಎಲ್ಡನೇ ದಿನ. ಅಲ್ಲಿ ಬೀಡಿ ಇರೂದಿಲ್ಲ." ಅವಳು ಹಾಳೆಯ ಅಡ್ಡಗೆರೆಯ ಮೇಲೆ ಬೆರಳಿಟ್ಟಳು. "ನಾ ಬೀಡಿ ಸೇದತೀನಿ. ದಿನಾ ಮೂವತ್ತ ಬೀಡಿ ಹಚ್ಚೂ ಮುಂದ ಎರಡ ಮೂರ ದಮ್ಮ ಎಳೀತೀನಿ, ಬ್ಯಾರೆ ಕದ್ದ ಮೂರ ನಾಕ. ಬರಕೋರಿ."

ಕಾಂತಾಳ ಪೆನ್ನು ಹಾಳೆಯ ಮೇಲೆ ನಿಂತಿತು. ಲಕ್ಷ್ಮಪ್ಪ ಕುಣಿಯಿಂದ ಎದ್ದು ಬಂದು ಹೆಂಡತಿಯ ಮುಂದೆ ನಿಂತ. ಹೊಡೆಯುತ್ತಾನೆಂದು ನಾನು ನಡುವೆ ಹೋದೆ. ಹೊಡೆಯಲಿಲ್ಲ. ಅವಳ ಕಾಲ ಹತ್ತಿರ ಉಗುಳಿದ.

"ಹೇಸೀ! ಹೆಣಮಗಳಾಗಿ ಬೀಡಿ ಸೇದತಿ? ಅದs ಬಾಯೀಲೆ ನನಗ ಕೊಡತಿದ್ದೇನ?"

ಹನ್ನೆರಡು ವರ್ಷ ಅವಳ ಬಾಯಿಂದ ಇಸಿದುಕೊಂಡು ಸೇದಿದವನು ಕೇಳಿದ ಪ್ರಶ್ನೆ ಅದು. ನನ್ನ ಜೀವಮಾನದಲ್ಲಿ ಕೊಳಕು ಬಹಳ ಬಳಿದಿದ್ದೇನೆ. ಆ ಹೊತ್ತಿನಲ್ಲಿ ಆ ಪಡಸಾಲೆಯಲ್ಲಿ ಕಂಡಂಥದ್ದು ಕಂಡಿಲ್ಲ. ಉಳವಪ್ಪ ಮಾತ್ರ ಗೋಡೆಯ ಕಡೆ ಮುಖ ಮಾಡಿ ಕೂತಿದ್ದ. ಅವನಿಗೂ ಮೂವತ್ತು ವರ್ಷ ನಿಂಗವ್ವ ಹಚ್ಚಿಕೊಟ್ಟಿದ್ದಳು.

ಮರುದಿನ ನಾನೇ ಭರಮವ್ವನನ್ನು ಆಸ್ಪತ್ರೆಗೆ ಕರೆದೊಯ್ದೆ. ಡಾಕ್ಟರು ವಯಸ್ಸಿನಲ್ಲಿ ಚಿಕ್ಕವರು, ಮೆತ್ತಗೆ ಮಾತಾಡುವವರು. ಬರೆಯ ಕಲೆ ನೋಡಿ ತುಟಿ ಕಚ್ಚಿಕೊಂಡರು.

"ಬಾಧಾ ಅಲ್ಲವ್ವಾ ಇದು. ಮೈಗೆ ತಂಬಾಕಿನ ರೂಢಿ ಆಗಿರತೈತಿ. ಸಿಗದಿದ್ರ ಅದು ಬೇಡತೈತಿ. ನಡುಕ, ಗಾಬರಿ, ನಿದ್ದಿ ಇಲ್ಲ. ಗಾಬರಿ ಆದಾಗ ಇದ್ದ ನೋವು ಹೆಚ್ಚಾಗಿ ಕಾಣಸತೈತಿ. ಮತ್ತ ಬೀಡಿ ಸೇದಿದ್ರ ಇಳೀತೈತಿ. ಅದರಿಂದ ಬೀಡಿ ಔಷಧ ಅಂತ ಅನಸತೈತಿ. ಅದು ತಾನs ಎಬ್ಬಿಸಿದ್ದನ್ನ ತಾನs ಮಲಗಸತೈತಿ, ಅಷ್ಟs."

"ಹಂಗಾರ ನಮ್ಮ ತವರಮನ್ಯಾಗ ಏನಿಲ್ಲ?"

"ಏನಿಲ್ಲ."

"ಎಷ್ಟ ದಿನ ನಡಗತೈತ್ರಿ, ಸೇದದಿದ್ರ?"

"ಮೊದಲ ವಾರ ತ್ರಾಸ. ಆಮ್ಯಾಲ ಇಳಕೋತ ಬರತೈತಿ. ಟೊಂಕದ ನೋವು ಪೂರಾ ಹೋಗತೈತಿ ಅಂತ ನಾ ಹೇಳೂದಿಲ್ಲ."

ಆಮೇಲೆ ಅವರು ಕಾಂತಾಳನ್ನು ಕರೆದು, ಹೆಂಗಸರ ಹಾಳೆಗಳು ಎಷ್ಟಾಗಿವೆ ಎಂದು ಕೇಳಿದರು. ಎಂಬತ್ತು ಎಂದಳು. ಬೀಡಿಯ ಪುಟ? ಎಲ್ಲದಕ್ಕೂ ಗೆರೆ. ಡಾಕ್ಟರು ತಲೆಗೆ ಕೈ ಹಚ್ಚಿ ಕೂತರು. "ಮೊದಲಿಂದ ಕೇಳಬೇಕು" ಎಂದರು. ಕಾಂತಾ ಗೊಣಗಿದ್ದು ನನಗೆ ಕೇಳಿಸಿತು. "ಒಳ್ಳೇ ಮನಿ ಹೆಂಗಸರಿಗೆ ಹೆಂಗ ಕೇಳೂದರಿ ಅದನ್ನ?"

ಭರಮವ್ವನಿಗೆ ಅದಾವುದೂ ಬೇಕಿರಲಿಲ್ಲ. ತವರಿನಲ್ಲಿ ಏನಿಲ್ಲ ಎಂಬ ಮಾತನ್ನು ಹಿಡಿದುಕೊಂಡು ಮನೆಗೆ ಬಂದಳು. ಲಕ್ಷ್ಮಪ್ಪ ಅಂದು ಕುಣಿಯಲ್ಲಿ ಕೂತು ರೂಢಿಯಂತೆ ಬೀಡಿಗೆ ಕೂಗಿದ. ಯಾರೂ ಓಗೊಡಲಿಲ್ಲ. ಇನ್ನೊಮ್ಮೆ ಕೂಗಿದ. ಕೊನೆಗೆ ನಿಂಗವ್ವ ಗೊಣಗುತ್ತ ಒಲೆಯ ಮುಂದೆ ಬಗ್ಗಿ ಕೊಳ್ಳಿ ಹಿಡಿದಳು. ಕೆಮ್ಮು ಬಂದು ಬೀಡಿ ಬೂದಿಗೆ ಬಿತ್ತು.

"ಬಾಧಾ ಇದ್ದಿದ್ರs ಚಲೋ ಇತ್ತು," ಎಂದಳು ನಿಂಗವ್ವ, ನನಗೆ. "ಮಂದೀಗೆ ಹೇಳಾಕಾದ್ರೂ ಬರತಿತ್ತು."

ಗಂಡ ಕರೆದೊಯ್ಯಲು ಒಪ್ಪಲಿಲ್ಲ, ತಡೆಯಲೂ ಇಲ್ಲ. ನಾವಿಬ್ಬರೇ ರೈಲು ಹತ್ತಿದೆವು. ಅವಳು ಬೆಳಗಿನಿಂದ ಬೀಡಿ ಸೇದಿರಲಿಲ್ಲ. ಕಿಟಕಿಯ ಸಲಾಕೆ ಹಿಡಿದ ಬೆರಳು ಆಗಲೇ ಅದುರುತ್ತಿದ್ದವು. ಎದುರು ಕೂತವನೊಬ್ಬ ಬೀಡಿ ಹಚ್ಚಿದ. ಭರಮವ್ವ ಎದ್ದು ಹೋಗಿ ಬಾಗಿಲ ಹತ್ತಿರ ನಿಂತಳು. ಗುಂಜಿ ಬರುವವರೆಗೆ ಗಾಳಿಗೆ ಮುಖ ಒಡ್ಡಿ ಅಲ್ಲೇ ನಿಂತಿದ್ದಳು.

ಭರಮವ್ವ ಬೀಡಿ ಸೇದುತ್ತಾಳೆಂಬ ಸುದ್ದಿ ನಮಗಿಂತ ಮೊದಲು ತಲುಪಿತ್ತು. ಗುರುಪುತ್ರಪ್ಪ ಹಣೆ ತುಂಬ ವಿಭೂತಿ ಹಚ್ಚಿಕೊಂಡು ಬಾಗಿಲಲ್ಲಿ ನಿಂತಿದ್ದ. ನನಗೆ ಕೈ ಮುಗಿದು "ಬರ್ರಿ ಅಕ್ಕಾರ, ಕುಂದರ್ರಿ" ಎಂದ. ತಂಗಿಗೆ ಬಾ ಎನ್ನಲಿಲ್ಲ.

"ಯಣ್ಣಾ, ಅವ್ವನ್ನ ನೋಡಬೇಕು."

"ನೋಡೂದ ಏನ ಐತಿ? ಮನ್ಯಾಗ ಲಿಂಗಪೂಜಿ ಐತಿ. ಗಾಳಿ ಹಿಡದಿದ್ರ ಬಡದ ಬಿಡಸ್ತಿದ್ದೆ, ಕರಕೊಂಡ ಒಳಗ ಮಲಗಸ್ತಿದ್ದೆ. ಬೀಡಿ ಸೇದೂ ಬಾಯಿ ತುಗೊಂಡ ಅವ್ವನ ಹತ್ರ ಬರತೀಯಾ?"

ನಾನು ಸುಮ್ಮನಿರುವವಳು. ಆ ದಿನ ಸುಮ್ಮನಿರಲಾಗಲಿಲ್ಲ. "ಸುಡೂ ಮುಂದ ಮುದುಕ ಚಿಲುಮಿ ಸೇದತಿದ್ದನಲ್ಲ ತಮ್ಮಾ, ಅವನ ಕಾಲಿಗಿ ಬಿದ್ದಿ. ಆವಾಗ ಲಿಂಗ ಎಲ್ಲಿತ್ತು?" ಎಂದೆ. ಅವನು ಬಾಗಿಲು ಬಿಟ್ಟು ಸರಿಯಲಿಲ್ಲ. ನನ್ನ ಕೊರಳಲ್ಲೂ ಇರುವ ಅದೇ ಲಿಂಗದ ಹೆಸರನ್ನು ಅವನ ಬಾಯಲ್ಲಿ ಕೇಳಿ, ಸೆರಗಿನೊಳಗೆ ಅದನ್ನು ಮುಚ್ಚಿ ಹಿಡಿದೆ.

ಒಳಗಿನಿಂದ ದನಿ ಬಂತು. ಕ್ಷೀಣವಾಗಿತ್ತು, ಆದರೆ ಸ್ಪಷ್ಟವಾಗಿತ್ತು.

"ಗುರುಪುತ್ರಾ. ಆಕಿ ಒಳಗ ಬರೂದ ಬ್ಯಾಡಂದ್ರ ನನ್ನ ಹೊರಸ ಹೊರಗ ಹಾಕು."

"ಅವ್ವಾ, ಸುಮ್ನಿರ."

"ಹಾಕತಿಯೋ, ತೆವಳಿಕೋತ ಬರಲ್ಯೋ?"

ಕೊನೆಗೆ ಅವನೂ ಅವನ ಹೆಂಡತಿಯೂ ಅವಳು ಮಲಗಿದ್ದ ನೂಲಿನ ಹೊರಸನ್ನು ಎತ್ತಿ ತಂದು ಹೊರಗಿನ ಕಟ್ಟೆಯ ಮೇಲೆ ಮಾಡಿನಡಿ ಇಟ್ಟರು. ಶಿವಲಿಂಗವ್ವನ ಕಾಲು ಎರಡರಷ್ಟು ಬಾತಿದ್ದವು. ಮಗಳ ಕೈ ಹಿಡಿದಳು. ಆ ಕೈ ಅಷ್ಟೊತ್ತಿಗೆ ಬಹಳ ನಡುಗುತ್ತಿತ್ತು.

"ಇದ ಏನು?"

"ಬೀಡಿ ಬಿಟ್ಟೀನಿ ಯವ್ವಾ. ಅದಕ್ಕ."

"ನಮ್ಮ ಮನೀದಲ್ಲಾ?"

"ನಮ್ಮ ಮನೀದಲ್ಲ."

"ಐದ ವರ್ಷ," ಎಂದಳು ಮುದುಕಿ. "ಐದ ವರ್ಷ ನಾ ಮೂಲಿ ಮೂಲಿಗಿ ದೀಪಾ ಹಚ್ಚಿ ನೋಡೀನಿ, ಎಲ್ಲಿ ಕುಂತೈತಿ ಅಂತ."

ನಾನು ಸಂಜೆಯ ಗಾಡಿಗೆ ಹಿಂದಿರುಗಿದೆ. ಮುಂದಿನದನ್ನು ಭರಮವ್ವ ಆಮೇಲೆ ಹೇಳಿದಳು. ಎರಡನೆಯ ದಿನದಿಂದ ಬಂದೇ ಬಂತು. ಬೆವರು, ಗಾಬರಿ, ಟೊಂಕದಲ್ಲಿ ಕೊಡಲಿ ಇಟ್ಟಂಥ ನೋವು. ಅತ್ತಿಗೆ ಹೆದರಿ ಮುದುಕನನ್ನು ಕರೆಸೋಣವೆಂದಳು. ಶಿವಲಿಂಗವ್ವ ನೀರಿನ ತಂಬಿಗೆ ಎತ್ತಿ ಎಸೆಯಲು ಹೋದಳಂತೆ. ಮೂರನೆಯ ದಿನ ಭರಮವ್ವ ಸ್ಟೇಶನ್ನಿನವರೆಗೆ ನಡೆದುಹೋಗಿ, ಅಂಗಡಿಯ ಮುಂದೆ ನಿಂತು, ಹಿಂದಿರುಗಿ ಬಂದಳು. ಗಂಜಿ ತಿನಿಸುವಾಗ ಚಮಚೆಯಿಂದ ಅರ್ಧ ತಾಯಿಯ ಗದ್ದದ ಮೇಲೆ ಚೆಲ್ಲುತ್ತಿತ್ತು. ತಾಯಿ ಬೈಯುತ್ತಿದ್ದಳು, "ಸಣ್ಣಾಕಿದ್ದಾಗ ನೀ ನನ್ನ ಮ್ಯಾಲ ಇಷ್ಟs ಚೆಲ್ಲತಿದ್ದಿ." ಎಂಟು ಒಂಬತ್ತನೆಯ ದಿನಕ್ಕೆ ಚೆಲ್ಲುವುದು ನಿಂತಿತು. ನೋವು ಇತ್ತು. ಅದು ಈಗಲೂ ಇದೆ.

ಇಪ್ಪತ್ತೊಂದು ದಿನ ಇಬ್ಬರೂ ಕಟ್ಟೆಯ ಮೇಲೆಯೇ ಇದ್ದರು. ಮಳೆ ಬಡಿದಾಗ ಗೋಣಿಚೀಲ ಕಟ್ಟಿಕೊಂಡರು. ಗುರುಪುತ್ರಪ್ಪ ದಿನವೂ ಅವರನ್ನು ದಾಟಿಕೊಂಡೇ ಕೆಲಸಕ್ಕೆ ಹೋದ, ದಾಟಿಕೊಂಡೇ ಬಂದು ಒಳಗೆ ಪೂಜೆ ಮಾಡಿದ. ಇಪ್ಪತ್ತೆರಡನೆಯ ದಿನ ನಸುಕಿನಲ್ಲಿ ಮುದುಕಿ ಮಗಳ ತೊಡೆಯ ಮೇಲೆ ತಲೆಯಿಟ್ಟು ಹೋದಳು.

ಮಣ್ಣು ಮಾಡುವ ದಿನ ನಾನೂ ಹೋಗಿದ್ದೆ. ಎಲ್ಲ ಮುಗಿದು ಜನ ಚದುರತೊಡಗಿದಾಗ ಗುರುಪುತ್ರಪ್ಪ ಬಾಗಿಲ ಹತ್ತಿರ ಬಂದು ನಿಂತ. ಊರ ಮಂದಿ ನೋಡುತ್ತಿದ್ದರೆಂದೋ, ನಿಜವಾಗಿ ಮನಸ್ಸು ಕರಗಿತೋ, ನನಗೆ ತಿಳಿಯದು.

"ಈಗ ಒಳಗ ಬಾರವಾ," ಎಂದ. "ಊಟಾ ಮಾಡಿ ಹೋಗು."

ಭರಮವ್ವ ಹೊರಸಿನ ಮೇಲಿನ ಕೌದಿ ಮಡಚುತ್ತಿದ್ದಳು. ಮಡಚಿ ಮುಗಿಸಿ, ಹೊಸ್ತಿಲ ಆಚೆಗಿಟ್ಟಳು. ತಾನು ದಾಟಲಿಲ್ಲ.

"ಗಾಡಿ ಎಷ್ಟಕ್ಕ ಐತಿ ಕಾಶಕ್ಕಾ?" ಎಂದು ನನ್ನನ್ನು ಕೇಳಿದಳು.